ಕುದ್ಮುಲ್ ರಂಗರಾಯರ ಪಾಠಶಾಲೆಗಳು

ಬಾಗಿಲನ್ನು ತೆರೆದಮಾತ್ರಕ್ಕೆ ಅಸ್ಪೃಶ್ಯರೆನಿಸಿದವರ ಮಕ್ಕಳು ಶಾಲೆಯೊಳಗೆ ಬಂದಾರೆಂದೆಣಿಸುವುದು ಭ್ರಮೆ. ಮಂಗಳೂರಿನ ವಕೀಲರಾಗಿದ್ದ ಕುದ್ಮುಲ್ ರಂಗರಾಯರು (1859–1928) ಇದನ್ನು ಚೆನ್ನಾಗಿ ಅರಿತಿದ್ದರು. ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಇವರು 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಅಂತಹ ಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು.

ಕೂಲಿಯಿಂದ ಜೀವಿಸುವ ಮನೆಯಲ್ಲಿ ಮಗುವಿನ ದುಡಿಮೆಯೂ ಅನ್ನಕ್ಕೆ ಸೇರತಕ್ಕದ್ದು. ಅಕ್ಷರಕ್ಕಾಗಿ ಅದನ್ನು ಬಿಟ್ಟುಕೊಡಿರೆಂದರೆ ತಂದೆತಾಯಿಗಳು ಕೇಳುವರೇ? ಆದುದರಿಂದ ರಾಯರು ಶಾಲೆಗೆ ಬಂದ ಮಗುವಿಗೆ ಮಧ್ಯಾಹ್ನದ ಊಟವನ್ನೂ ದಿನಕ್ಕೆರಡು ಪೈಸೆಯನ್ನೂ ಕೊಡಿಸಿದರು. ಅಲ್ಪವಾಗಿ ತೋರುವ ಈ ಎರಡು ಪೈಸೆಯೇ ಅವರ ಕಾರ್ಯದ ತಿರುಳೆನ್ನಬೇಕು. ಓದಿನೊಡನೆ ನೇಯ್ಗೆ, ಮರಗೆಲಸಗಳ ಶಿಕ್ಷಣವೂ ನಡೆಯಿತು. ವಾಸಕ್ಕೆ ನೆಲವೂ ದೊರೆಯಿತು.

ಸ್ವಜಾತಿಯವರು ಬಹಿಷ್ಕಾರ ಹಾಕಿದರು. ರಾಯರಾದರೋ ನೀತಿಯನ್ನು ಪರರಿಗೆ ಮಾತ್ರ ಬೋಧಿಸಿದವರಲ್ಲ. 1912ರಲ್ಲಿ ಮಗಳು ರಾಧಾಬಾಯಿಯನ್ನು ಅನ್ಯಜಾತಿಯವರಾದ ಪಿ. ಸುಬ್ಬರಾಯನ್ನರಿಗೆ ಕೊಟ್ಟು ವಿವಾಹ ಮಾಡಿದರು. ಈ ಸುಬ್ಬರಾಯನ್ನರೇ 1926ರಲ್ಲಿ ಮದರಾಸು ಪ್ರಾಂತದ ಮುಖ್ಯಮಂತ್ರಿಗಳಾದವರು. ತಮ್ಮ ಅಂತ್ಯಕ್ರಿಯೆಯನ್ನೂ ತಾವು ಸೇವೆಗೈದ ಜನರೇ ನಡೆಸಬೇಕೆಂಬುದು ರಾಯರ ಇಚ್ಛೆಯಾಗಿದ್ದಿತು.