ಬಂದರಿನ ಲೆಕ್ಕ: ಏರಿದ ಸರಕು, ಇಳಿದ ಪ್ರಯಾಣಿಕರು

ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ಕರಾವಳಿಯ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ: ನವ ಮಂಗಳೂರು ಬಂದರು ಮುಗಿದ ಹಣಕಾಸು ವರ್ಷದಲ್ಲಿ ಇಷ್ಟು ಟನ್ ಸರಕು ನಿರ್ವಹಿಸಿತು, ಹಿಂದಿನ ವರ್ಷಕ್ಕಿಂತ ಇಷ್ಟು ಹೆಚ್ಚು. 2023-24ರಲ್ಲಿ ಆ ಅಂಕಿ ಸುಮಾರು 4.57 ಕೋಟಿ ಟನ್, 2024-25ರಲ್ಲಿ 4.6 ಕೋಟಿ ಟನ್. ಓದಿದವರು ಪುಟ ಮಗುಚಿ ಮುಂದಕ್ಕೆ ಹೋಗುತ್ತಾರೆ. ಆದರೆ ಆ ಒಂದು ಅಂಕಿಯೊಳಗೆ ಅಡುಗೆಮನೆಯ ಗ್ಯಾಸ್ ಇದೆ, ಸ್ಕೂಟರಿನ ಪೆಟ್ರೋಲ್ ಇದೆ, ಚಿಕ್ಕಮಗಳೂರಿನ ಕಾಫಿ ಇದೆ, ಆಫ್ರಿಕಾದಿಂದ ಬಂದ ಕಚ್ಚಾ ಗೋಡಂಬಿ ಇದೆ, ಜೊತೆಗೆ ಸುಪ್ರೀಂ ಕೋರ್ಟಿನ ಒಂದು ಹಳೆಯ ಆದೇಶದ ಗುರುತೂ ಇದೆ. ಬಂದರಿನ ಅಂಕಿ ಬಂದರಿನ ದುಡಿಮೆಯನ್ನಷ್ಟೇ ಅಲ್ಲ, ಅದರ ಬೆನ್ನ ಹಿಂದಿನ ನಾಡು ಏನನ್ನು ಅಗೆಯುತ್ತದೆ, ಏನನ್ನು ಉರಿಸುತ್ತದೆ, ಏನನ್ನು ಮಾರುತ್ತದೆ ಎಂಬುದನ್ನೂ ಹೇಳುತ್ತದೆ. ಅದನ್ನು ಓದುವ ಬಗೆಯನ್ನು ಈ ಅಧ್ಯಾಯದಲ್ಲಿ ನೋಡೋಣ.

ಹೆಸರಿಗಷ್ಟೇ ಕಿರಿದು

ಭಾರತದ ವಿದೇಶ ವ್ಯಾಪಾರವನ್ನು ತೂಕದಲ್ಲಿ ಅಳೆದರೆ ಶೇ 95ರಷ್ಟು ಸಮುದ್ರದ ಮೂಲಕವೇ ನಡೆಯುತ್ತದೆ. ಬೆಲೆಯಲ್ಲಿ ಅಳೆದರೆ ಅದು ಶೇ 70ರ ಆಸುಪಾಸಿಗೆ ಇಳಿಯುತ್ತದೆ. ವಜ್ರ, ಮೊಬೈಲ್, ಔಷಧಗಳಂಥ ಹಗುರವಾದ ದುಬಾರಿ ವಸ್ತುಗಳು ವಿಮಾನ ಹತ್ತುತ್ತವೆ. ಕಲ್ಲಿದ್ದಲು, ಕಚ್ಚಾತೈಲ, ಗೊಬ್ಬರ, ಅದಿರುಗಳಿಗೆ ಹಡಗು ಬಿಟ್ಟರೆ ಗತಿಯಿಲ್ಲ.

ಕಾಂಡ್ಲಾದಿಂದ ಕೋಲ್ಕತ್ತದವರೆಗೆ ಕೇಂದ್ರ ಸರ್ಕಾರದ ಅಧೀನದಲ್ಲಿ 12 ‘ಮಹಾಬಂದರು’ಗಳು ಕೆಲಸ ಮಾಡುತ್ತಿವೆ. ಮಹಾರಾಷ್ಟ್ರದ ವಾಢವಣದಲ್ಲಿ 13ನೆಯದಕ್ಕೆ 2024ರಲ್ಲಿ ಶಂಕುಸ್ಥಾಪನೆಯಾಗಿದೆ. ಉಳಿದ ಇನ್ನೂರಕ್ಕೂ ಹೆಚ್ಚು ಬಂದರುಗಳು ರಾಜ್ಯಗಳ ಪಾಲಿಗಿವೆ. ಕಾರವಾರ, ಬೇಲೆಕೇರಿ, ಹೊನ್ನಾವರ, ಮಲ್ಪೆ, ಹಳೆ ಮಂಗಳೂರು ಈ ಪಟ್ಟಿಗೆ ಸೇರಿದವು. ಇವಕ್ಕೆ ಕಾಗದದಲ್ಲಿ ‘ಕಿರು ಬಂದರು’ ಎಂಬ ಹೆಸರು. ಇದು ಯಜಮಾನ ಯಾರು ಎಂಬುದನ್ನು ಹೇಳುತ್ತದೆಯೇ ಹೊರತು ಗಾತ್ರವನ್ನಲ್ಲ. ಗುಜರಾತಿನ ಮುಂದ್ರಾ ಕೂಡ ಈ ಸಾಲಿನದೇ. ಆದರೆ 2024-25ರಲ್ಲಿ ಅದು 20 ಕೋಟಿ ಟನ್ ದಾಟಿತು. ಯಾವ ಮಹಾಬಂದರೂ ಆ ಗಡಿ ಮುಟ್ಟಿಲ್ಲ. ದೇಶದ ಒಟ್ಟು ಸರಕಿನ ಅರ್ಧಕ್ಕೆ ಹತ್ತಿರ ಹತ್ತಿರ ಇಂಥ ‘ಕಿರು’ ಬಂದರುಗಳಲ್ಲೇ ಏರಿಳಿಯುತ್ತದೆ. ಮಹಾಬಂದರುಗಳ ಅಂಕಿಯನ್ನೇ ದೇಶದ ಅಂಕಿ ಎಂದುಕೊಂಡರೆ ಸುಮಾರು ಅರ್ಧ ಚಿತ್ರ ತಪ್ಪಿಹೋಗುತ್ತದೆ.

ಹಾಗಿದ್ದರೂ ದೀರ್ಘಕಾಲದ ಬೆಳವಣಿಗೆ ತಿಳಿಯಲು ಮಹಾಬಂದರುಗಳ ಲೆಕ್ಕ ಅನುಕೂಲ. 1950-51ರಲ್ಲಿ ಅವೆಲ್ಲ ಸೇರಿ ಸಾಗಿಸಿದ್ದು ಸುಮಾರು 2 ಕೋಟಿ ಟನ್. 2013-14ರಲ್ಲಿ ಅದು 55 ಕೋಟಿ ಮೀರಿತ್ತು, 2024-25ರಲ್ಲಿ 85 ಕೋಟಿ ದಾಟಿತು. ಅಂದರೆ ಅಂದಿನ ಇಡೀ ದೇಶದ ಮಹಾಬಂದರುಗಳ ಸರಕಿಗಿಂತ ಇಂದು ಪಣಂಬೂರಿನಲ್ಲಿರುವ ನವ ಮಂಗಳೂರು ಬಂದರೊಂದರದೇ ಎರಡು ಪಟ್ಟಿಗೂ ಹೆಚ್ಚು. ನಡುವೆ ಎಡವಿದ್ದೂ ಉಂಟು. ಕೋವಿಡ್ ವರ್ಷದಲ್ಲಿ ಮೊತ್ತ 70 ಕೋಟಿಯಿಂದ 67 ಕೋಟಿಗೆ ಇಳಿದು, ಮರುವರ್ಷವೇ 72 ಕೋಟಿಗೆ ಏರಿತು.

ಟನ್ನಿನೊಳಗೆ ಏನಿದೆ?

ಮಹಾಬಂದರುಗಳ ಸರಕಿನಲ್ಲಿ ಕಚ್ಚಾತೈಲ ಮತ್ತು ತೈಲೋತ್ಪನ್ನಗಳದೇ ದೊಡ್ಡ ಪಾಲು, ಹೆಚ್ಚುಕಡಿಮೆ ಮೂರನೆಯ ಒಂದು ಭಾಗ. ಆಮೇಲೆ ಕಲ್ಲಿದ್ದಲು ಮತ್ತು ಕಂಟೇನರ್ ಸರಕು. ಮೂರನ್ನೂ ಕೂಡಿಸಿದರೆ ಮುಕ್ಕಾಲು ಪಾಲು ಮುಗಿಯಿತು.

2023-24ರಲ್ಲಿ ಒಡಿಶಾದ ಪಾರಾದೀಪ 14.5 ಕೋಟಿ ಟನ್ ಸಾಗಿಸಿ, ಬಹುಕಾಲ ಮೊದಲ ಸ್ಥಾನದಲ್ಲಿದ್ದ ಕಾಂಡ್ಲಾದ ದೀನದಯಾಳ್ ಬಂದರನ್ನು ಹಿಂದಿಕ್ಕಿತು. ಇದರ ಹಿಂದೆ ವಿದೇಶ ವ್ಯಾಪಾರಕ್ಕಿಂತ ಒಳನಾಡಿನ ಕಲ್ಲಿದ್ದಲಿನ ಕೈ ದೊಡ್ಡದು. ತಾಲ್ಚೇರ್ ಗಣಿಯ ಕಲ್ಲಿದ್ದಲು ರೈಲಿನಲ್ಲಿ ಪಾರಾದೀಪಕ್ಕೆ ಬಂದು, ಅಲ್ಲಿಂದ ಹಡಗೇರಿ ತಮಿಳುನಾಡಿನ ಎಣ್ಣೂರು, ತೂತುಕುಡಿಯ ವಿದ್ಯುತ್ ಸ್ಥಾವರಗಳಿಗೆ ಹೋಗುತ್ತದೆ. ರೈಲು ಮಾರ್ಗದ ದಟ್ಟಣೆ ತಪ್ಪಿಸಲು ಸರ್ಕಾರವೇ ಈ ‘ರೈಲು-ಸಮುದ್ರ-ರೈಲು’ ದಾರಿಗೆ ಒತ್ತು ಕೊಟ್ಟಿದೆ.

ಇಲ್ಲೊಂದು ಸೂಕ್ಷ್ಮವಿದೆ. ಪಾರಾದೀಪದಲ್ಲಿ ತುಂಬಿದ ಒಂದು ಟನ್ ಕಲ್ಲಿದ್ದಲು ಅಲ್ಲಿ ಒಮ್ಮೆ, ಎಣ್ಣೂರಿನಲ್ಲಿ ಇಳಿಸಿದಾಗ ಇನ್ನೊಮ್ಮೆ ಲೆಕ್ಕಕ್ಕೆ ಬರುತ್ತದೆ. ಎರಡೂ ಬಂದರು ದುಡಿದಿವೆಯಾದ್ದರಿಂದ ಇದು ತಪ್ಪಲ್ಲ. ಆದರೆ ಬಂದರುಗಳ ಮೊತ್ತವೆಲ್ಲ ದೇಶದ ವ್ಯಾಪಾರದ ಮೊತ್ತ ಎಂದು ಓದಿದರೆ ಆ ಓದು ತಪ್ಪು.

ಪಣಂಬೂರಿನ ಪಾಠ

ದೂರದಲ್ಲೆಲ್ಲೋ ಆದ ನಿರ್ಧಾರ ಬಂದರೊಂದರ ಲೆಕ್ಕಪುಸ್ತಕವನ್ನು ಹೇಗೆ ತಿದ್ದುತ್ತದೆ ಎಂಬುದಕ್ಕೆ ನವ ಮಂಗಳೂರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1974ರ ಮೇ ತಿಂಗಳಲ್ಲಿ ಮಹಾಬಂದರೆಂದು ಘೋಷಣೆಯಾದ ಇದನ್ನು 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಮರುವರ್ಷ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಘಟ್ಟದ ಮೇಲೆ ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸಲಾಗುತ್ತಿತ್ತು. ಇಡೀ ಯೋಜನೆ ಹೊರಟಿದ್ದೇ ಇರಾನಿನ ಹಣ ಮತ್ತು ಇರಾನಿನ ಬೇಡಿಕೆಯ ಮೇಲೆ. 1979ರ ಕ್ರಾಂತಿಯಲ್ಲಿ ಅಲ್ಲಿನ ಷಾ ಪದಚ್ಯುತನಾದ, ಒಪ್ಪಂದ ಮುರಿಯಿತು, ಅದಿರು ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಬೇಕಾಯಿತು.

ಎರಡು ದಶಕಕ್ಕೂ ಹೆಚ್ಚು ಕಾಲ ಅದಿರು ಬಂದರಿನ ಮುಖ್ಯ ಸರಕಾಗಿತ್ತು. ರಾಷ್ಟ್ರೀಯ ಉದ್ಯಾನದೊಳಗಿನ ಗಣಿಗಾರಿಕೆ ನಿಲ್ಲಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದರಿಂದ 2005ರ ಕೊನೆಗೆ ಕುದುರೆಮುಖದ ಗಣಿ ಮುಚ್ಚಿತು. ಭದ್ರೆಯ ನೀರಿಗೆ, ಶೋಲಾ ಕಾಡಿಗೆ ಅದು ಉಸಿರು ಕೊಟ್ಟಿತು. ಬಂದರಿಗೆ ದೊಡ್ಡ ಗಿರಾಕಿಯೊಬ್ಬ ಕೈತಪ್ಪಿದ. ಆಮೇಲೆ ವಿಚಿತ್ರವೊಂದು ನಡೆಯಿತು: ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಪಣಂಬೂರಿನ ಕಾರ್ಖಾನೆಗಾಗಿ ಛತ್ತೀಸಗಢದ ಅದಿರು ವಿಶಾಖಪಟ್ಟಣದಿಂದ ಹಡಗಿನಲ್ಲಿ ಸುತ್ತಿಬಳಸಿ ಇಲ್ಲಿಗೇ ಬಂದಿಳಿಯತೊಡಗಿತು. ಅದಿರು ಕಳಿಸಿಯೇ ಬೆಳೆದ ಬಂದರು ಅದಿರು ತರಿಸಿಕೊಂಡಿತು.

ಖಾಲಿಯಾದ ಜಾಗವನ್ನು ತೈಲ ತುಂಬಿತು. 1996ರಲ್ಲಿ ಉತ್ಪಾದನೆ ಆರಂಭಿಸಿದ ಮಂಗಳೂರಿನ ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್ ಈಗ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಶುದ್ಧೀಕರಿಸಬಲ್ಲದು. ಮಂಗಳೂರಿನ ಬಳಿಯ ಬಂಡೆಗುಹೆಗಳಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲವನ್ನು ದೇಶದ ಆಪತ್ಕಾಲಕ್ಕೆಂದು ಕೂಡಿಡಬಹುದು. ಅಡುಗೆ ಅನಿಲದ ಕಥೆಯೂ ಇಂಥದೇ. ದೇಶದ ಅನಿಲ ಸಂಪರ್ಕಗಳು 2014ರಲ್ಲಿ 14 ಕೋಟಿಯಷ್ಟಿದ್ದವು, ಹತ್ತು ವರ್ಷದಲ್ಲಿ 32 ಕೋಟಿ ದಾಟಿದವು. ಬಳಸುವ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. ಮಂಗಳೂರು ಅದನ್ನು ಇಳಿಸಿಕೊಳ್ಳುವ ಪ್ರಮುಖ ಬಂದರುಗಳಲ್ಲಿ ಒಂದು. ಇಲ್ಲಿಂದ ಹಾಸನ, ಮೈಸೂರು ಹಾದು ಸೋಲೂರಿನವರೆಗೆ ಪೈಪ್‌ಲೈನ್ ಇದೆ. ಒಲೆಯ ಹೊಗೆ ಹೋಗಲೆಂದು ದಿಲ್ಲಿಯಲ್ಲಿ ರೂಪುಗೊಂಡ ಯೋಜನೆಯೊಂದು ಪಣಂಬೂರಿನಲ್ಲಿ ಹಡಗುಗಳ ಸಂಖ್ಯೆಯಾಗಿ ಕಾಣಿಸುತ್ತದೆ.

ಪಕ್ಕದ ಗೋವಾದ ಮರ್ಮಗೋವಾ ಬಂದರಿಗೆ ಅದಿರು ನಿಂತ ಪೆಟ್ಟು ಇನ್ನೂ ಜೋರಾಗಿ ಬಿತ್ತು. ಚೀನಾದ ಬೇಡಿಕೆಯ ಭರಾಟೆಯಲ್ಲಿ 2010-11ರಲ್ಲಿ ಅಲ್ಲಿ 5 ಕೋಟಿ ಟನ್ ಸರಕು ಸಾಗಿತ್ತು. ಕರ್ನಾಟಕ 2010ರಲ್ಲಿ ಅದಿರು ರಫ್ತು ತಡೆಯಿತು, 2012ರಲ್ಲಿ ಗೋವಾದ ಗಣಿಗಳೂ ಮುಚ್ಚಿದವು. 2013-14ರ ಹೊತ್ತಿಗೆ ಬಂದರಿನ ಸರಕು 1.2 ಕೋಟಿ ಟನ್ನಿಗೆ ಕುಸಿಯಿತು. ಬಂದರಿನ ಕ್ರೇನು, ಧಕ್ಕೆ, ಕೆಲಸಗಾರರು ಎಲ್ಲ ಇದ್ದಲ್ಲೇ ಇದ್ದರು, ಅದಿರು ಮಾತ್ರ ಇರಲಿಲ್ಲ. ಒಂದೇ ಸರಕನ್ನು ನೆಚ್ಚಿದ ಬಂದರಿಗೆ ಬರುವ ಗತಿ ಇದು.

ಪೆಟ್ಟಿಗೆಯ ಕಾಲ

1956ರಲ್ಲಿ ಅಮೆರಿಕದ ಸಾರಿಗೆ ಉದ್ಯಮಿ ಮಾಲ್ಕಮ್ ಮೆಕ್ಲೀನ್ 58 ಉಕ್ಕಿನ ಪೆಟ್ಟಿಗೆಗಳನ್ನು ಹಡಗಿಗೇರಿಸಿ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಮೂಟೆ ಮೂಟೆಯಾಗಿ ಸರಕು ಹೊರುವ ಕೆಲಸ ಅಲ್ಲಿಂದ ಮುಂದೆ ಪ್ರಪಂಚದ ಬಂದರುಗಳಲ್ಲಿ ಕಡಿಮೆಯಾಗುತ್ತ ಬಂತು. ಕಂಟೇನರ್‌ಗಳ ಲೆಕ್ಕ ಟನ್ನಿನಲ್ಲಲ್ಲ, 20 ಅಡಿ ಪೆಟ್ಟಿಗೆಯ ಅಳತೆಯಲ್ಲಿ ನಡೆಯುತ್ತದೆ. ಅದಕ್ಕೆ ‘ಟಿಇಯು’ ಎನ್ನುತ್ತಾರೆ. 40 ಅಡಿಯ ಪೆಟ್ಟಿಗೆಯೆಂದರೆ ಎರಡು ಟಿಇಯು. 1989ರಲ್ಲಿ ಆರಂಭವಾದ ನವಿ ಮುಂಬಯಿಯ ಜವಾಹರಲಾಲ್ ನೆಹರು ಬಂದರು 2024-25ರಲ್ಲಿ 73 ಲಕ್ಷ ಟಿಇಯು ನಿರ್ವಹಿಸಿತು.

ಪೆಟ್ಟಿಗೆಯ ಲೋಕದಲ್ಲಿ ಆಳವೇ ಬಂಡವಾಳ. ಇಪ್ಪತ್ತು ಸಾವಿರ ಪೆಟ್ಟಿಗೆ ಹೊರುವ ಹಡಗಿಗೆ ಹದಿನಾರು ಮೀಟರಿಗೂ ಹೆಚ್ಚು ನೀರು ಬೇಕು. ಭಾರತದ ಹೆಚ್ಚಿನ ಬಂದರುಗಳಲ್ಲಿ ಅಷ್ಟು ಆಳವಿಲ್ಲ, ಇರುವ ಆಳವನ್ನೂ ಹೂಳು ತಿನ್ನುತ್ತದೆ. ಹಾಗಾಗಿ ನಮ್ಮ ಪೆಟ್ಟಿಗೆಗಳು ಸಣ್ಣ ಹಡಗಿನಲ್ಲಿ ಕೊಲಂಬೊ, ಸಿಂಗಪುರ, ಮಲೇಷ್ಯಾದ ಕ್ಲಾಂಗ್ ಬಂದರುಗಳಿಗೆ ಹೋಗಿ ದೊಡ್ಡ ಹಡಗಿಗೆ ವರ್ಗವಾಗುತ್ತವೆ. ಹಳ್ಳಿಯಿಂದ ಹೊರಟವರು ತಾಲ್ಲೂಕು ನಿಲ್ದಾಣದಲ್ಲಿ ಬಸ್ ಬದಲಿಸಿದಂತೆ. ಹೀಗೆ ವರ್ಗವಾಗುವ ಭಾರತದ ಸರಕಿನ ಸುಮಾರು ಮುಕ್ಕಾಲು ಪಾಲು ಹೊರದೇಶದ ಬಂದರುಗಳಿಗೆ ಆದಾಯ ತರುತ್ತಿತ್ತು. ಇದನ್ನು ಬದಲಿಸುವ ಗುರಿಯಿಂದ ಕಟ್ಟಿದ್ದು ತಿರುವನಂತಪುರದ ಬಳಿಯ ವಿಳಿಂಜಂ ಬಂದರು. ಅಲ್ಲಿ ದಡದ ಹತ್ತಿರವೇ ಸಹಜವಾದ ಆಳವಿದೆ. 2025ರ ಮೇ 2ರಂದು ಅದರ ಉದ್ಘಾಟನೆಯಾಯಿತು. ಜೂನ್‌ನಲ್ಲಿ 24,346 ಟಿಇಯು ಹೊರಬಲ್ಲ, ಜಗತ್ತಿನ ಅತಿ ದೊಡ್ಡ ಕಂಟೇನರ್ ಹಡಗುಗಳಲ್ಲೊಂದಾದ ‘ಎಂಎಸ್‌ಸಿ ಐರಿನಾ’ ಅಲ್ಲಿಗೆ ಬಂದು ನಿಂತಿತು.

ಬಂದರಿಗೆ ವೇಗವೂ ಮುಖ್ಯ. ಹೊರಗಡಲಲ್ಲಿ ಲಂಗರು ಹಾಕಿದ ಹಡಗಿಗೆ ಬಂದರಿನ ಪೈಲಟ್ ದೋಣಿಯಲ್ಲಿ ಹೋಗಿ, ಹಗ್ಗದ ಏಣಿ ಹತ್ತಿ, ದಾರಿ ತೋರಿಸುತ್ತಾನೆ. ಟಗ್‌ಗಳು ಒತ್ತಿ, ಎಳೆದು ಹಡಗನ್ನು ಧಕ್ಕೆಗೆ ತಾಗಿಸುತ್ತವೆ. ಸರಕು ಇಳಿದು, ಹತ್ತಿ, ಹಡಗು ಮತ್ತೆ ಹೊರಡುವವರೆಗಿನ ಸರಾಸರಿ ಅವಧಿ ಮಹಾಬಂದರುಗಳಲ್ಲಿ 2013-14ರಲ್ಲಿ ಸುಮಾರು 94 ಗಂಟೆ ಇತ್ತು. ಹತ್ತು ವರ್ಷದಲ್ಲಿ ಅದು 48 ಗಂಟೆಗೆ ಇಳಿಯಿತು. ಹಡಗಿನ ಬಾಡಿಗೆ ದಿನಕ್ಕೆ ಸಾವಿರಾರು ಡಾಲರ್ ಇರುವಾಗ ಉಳಿದ ಎರಡು ದಿನ ಕಡಿಮೆ ಮಾತಲ್ಲ.

ಆದರೆ ಬಂದರು ಎಷ್ಟೇ ಚುರುಕಾದರೂ ದಾರಿ ಅದರ ಕೈಯಲ್ಲಿಲ್ಲ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಯೆಮನ್ನಿನ ಹೂಥಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರುಮಾಡಿದಾಗ, ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾವನ್ನು ಸುತ್ತತೊಡಗಿದವು. ಪ್ರಯಾಣ ಹತ್ತು-ಹದಿನಾಲ್ಕು ದಿನ ಹಿಗ್ಗಿತು, ಬಾಡಿಗೆ ಏರಿತು. ಭಾರತದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ಕರ್ನಾಟಕ, ಅದನ್ನು ಹೆಚ್ಚು ಕೊಳ್ಳುವ ದೇಶ ಇಟಲಿ. ಕೊಡಗಿನ ಕಾಫಿ ವ್ಯಾಪಾರಿಗೂ ಯೆಮನ್ನಿನ ಕಡಲತೀರಕ್ಕೂ ಏನು ಸಂಬಂಧ ಎಂಬುದು ಆಗ ತಿಳಿಯಿತು.

ಸ್ಟೀಮರಿನಿಂದ ಕ್ರೂಸ್‌ಗೆ

ಸರಕು ನಲವತ್ತು ಪಟ್ಟು ಬೆಳೆದ ಅವಧಿಯಲ್ಲೇ ಪ್ರಯಾಣಿಕರು ಬಂದರಿನಿಂದ ಹೆಚ್ಚುಕಡಿಮೆ ಮಾಯವಾದರು. ಒಂದು ಕಾಲದಲ್ಲಿ ದಕ್ಷಿಣ ಕನ್ನಡದವರು ಮುಂಬಯಿಗೆ ಹೋಗುತ್ತಿದ್ದುದು ಸ್ಟೀಮರಿನಲ್ಲಿ. ಹಡಗು ಅಳಿವೆಯ ಆಚೆ ನಿಲ್ಲುತ್ತಿತ್ತು, ಜನ ದೋಣಿಯಲ್ಲಿ ಹೋಗಿ ಹತ್ತುತ್ತಿದ್ದರು. ಮಳೆಗಾಲದಲ್ಲಿ ಸಂಚಾರ ಬಂದ್. ಹೆದ್ದಾರಿ ಮತ್ತು ಬಸ್ಸುಗಳು ಅದನ್ನು ಸೊರಗಿಸಿದವು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲಾರಂಭಿಸಿದ ಮೇಲೆ ಸ್ಟೀಮರ್ ಮರಳಿ ಬರುವ ಕಾರಣವೇ ಉಳಿಯಲಿಲ್ಲ. ಮುಂಬಯಿಯಿಂದ ಜಿದ್ದಾಕ್ಕೆ ಹೋಗುತ್ತಿದ್ದ ಹಜ್ ಯಾತ್ರಿಗಳ ಹಡಗು 1995ರಲ್ಲಿ ನಿಂತು, ಯಾತ್ರೆ ಪೂರ್ತಿ ವಿಮಾನದ ಪಾಲಾಯಿತು.

ಹಡಗು ಇಂದಿಗೂ ಜೀವನಾಡಿಯಾಗಿರುವುದು ದ್ವೀಪಗಳಿಗೆ: ಕೊಚ್ಚಿಯಿಂದ ಲಕ್ಷದ್ವೀಪಕ್ಕೆ, ಚೆನ್ನೈ ಮತ್ತು ಕೋಲ್ಕತ್ತದಿಂದ ಅಂಡಮಾನಿಗೆ. ಹಳೆ ಮಂಗಳೂರು ಬಂದರಿನಿಂದ ಮಂಜಿ ಎಂಬ ಸರಕು ನೌಕೆಗಳು ತರಕಾರಿ, ಸಿಮೆಂಟು, ದಿನಸಿ ಹೇರಿಕೊಂಡು ಲಕ್ಷದ್ವೀಪಕ್ಕೆ ಹೋಗುತ್ತವೆ. ಹೊಸ ಪ್ರಯತ್ನಗಳೂ ಇವೆ. ಗುಜರಾತಿನ ಘೋಘಾ-ಹಜೀರಾ ನಡುವೆ 2020ರಿಂದ ವಾಹನ ಹೊರುವ ದೋಣಿ ಓಡಾಡುತ್ತಿದೆ. ರಸ್ತೆಯಲ್ಲಿ 370 ಕಿಲೋಮೀಟರ್ ಸುತ್ತಬೇಕಾದ ದಾರಿ ಕಡಲಲ್ಲಿ 90 ಕಿಲೋಮೀಟರಿಗೆ ಇಳಿಯಿತು. 2023ರ ಅಕ್ಟೋಬರಿನಲ್ಲಿ ನಾಗಪಟ್ಟಿಣದಿಂದ ಶ್ರೀಲಂಕಾದ ಕಾಂಗೇಶನ್ತುರೈಗೆ ದೋಣಿ ಸೇವೆ ಮತ್ತೆ ಶುರುವಾಯಿತು.

ಇದರ ಜೊತೆಗೆ ಬೆಳೆಯುತ್ತಿರುವುದು ಕ್ರೂಸ್. 2023-24ರಲ್ಲಿ ಕ್ರೂಸ್ ಪ್ರಯಾಣಿಕರ ಸಂಖ್ಯೆ ಸುಮಾರು 4.7 ಲಕ್ಷ. 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ‘ಕ್ರೂಸ್ ಭಾರತ್ ಮಿಷನ್’ 2029ರೊಳಗೆ ಇದನ್ನು ಇಮ್ಮಡಿಗೊಳಿಸುವ ಗುರಿ ಇಟ್ಟುಕೊಂಡಿದೆ. ಮಳೆಗಾಲ ಮುಗಿದ ಮೇಲೆ ನವ ಮಂಗಳೂರಿಗೂ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಪ್ರವಾಸಿಗರು ಬೆಳಗ್ಗೆ ಇಳಿದು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಸೇಂಟ್ ಅಲೋಶಿಯಸ್ ಚಾಪೆಲ್ ನೋಡಿ ಸಂಜೆ ಹಡಗಿಗೆ ಮರಳುತ್ತಾರೆ. ಊಟ, ನಿದ್ದೆ ಎರಡೂ ಹಡಗಿನಲ್ಲೇ ಆಗುವುದರಿಂದ ಊರಿಗೆ ಸಿಗುವುದು ಟ್ಯಾಕ್ಸಿ ಬಾಡಿಗೆ, ಗೈಡುಗಳ ಸಂಬಳ, ಒಂದಿಷ್ಟು ಕರಕುಶಲ ವಸ್ತುಗಳ ವ್ಯಾಪಾರ. ಅಂದು ಹಡಗು ಹತ್ತಿದವನಿಗೆ ಊರು ಸೇರುವುದು ಮುಖ್ಯವಾಗಿತ್ತು. ಇಂದು ಹತ್ತುವವನಿಗೆ ಹಡಗೇ ಊರು. ಎರಡನ್ನೂ ‘ಪ್ರಯಾಣಿಕರು’ ಎಂಬ ಒಂದೇ ಕಲಮಿನಲ್ಲಿ ಬರೆದರೆ ಮರಳಿದ್ದು ಸಂಚಾರವಲ್ಲ, ವಿಹಾರ ಎಂಬುದು ಮರೆಯಾಗುತ್ತದೆ.

ಅಂಕಿ ಓದುವಾಗ

ಮುಂದಿನ ಏಪ್ರಿಲ್‌ನಲ್ಲಿ ಬಂದರಿನ ವಾರ್ಷಿಕ ಅಂಕಿ ಪತ್ರಿಕೆಯಲ್ಲಿ ಬಂದಾಗ ನಾಲ್ಕು ಪ್ರಶ್ನೆ ಕೇಳಿ ನೋಡಿ. ಏರಿದ್ದು ಯಾವ ಸರಕು? ಅದು ವಿದೇಶದಿಂದ ಬಂದದ್ದೋ, ನಮ್ಮದೇ ಇನ್ನೊಂದು ಬಂದರಿನಿಂದಲೋ? ಹಡಗು ಎಷ್ಟು ಹೊತ್ತು ನಿಂತಿತು? ಒಂದೇ ಸರಕಿನ ಮೇಲೆ ಬಂದರು ಎಷ್ಟು ವಾಲಿಕೊಂಡಿದೆ? ಇವಕ್ಕೆ ಉತ್ತರವಿಲ್ಲದ ‘ದಾಖಲೆ ಸಾಧನೆ’ಯ ಸುದ್ದಿ ಅರ್ಧ ಸುದ್ದಿ ಮಾತ್ರ.