ಕೈ ಕಟ್ಟಿ ಕೂತ ತಾತ

ಮಳವಳ್ಳಿಯಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಮೂವತ್ತು ವರ್ಷ ಸಾಲ್ಡರಿಂಗ್ ಐರನ್ ಹಿಡಿದ ಕೈ ಇದು. ಮನೆಯಲ್ಲಿ ಏನು ಕೆಟ್ಟರೂ ಬಿಚ್ಚಿ ನೋಡದೆ ಇರಲಾರೆ. ಅಂಥ ನಾನು ಕಳೆದ ವರ್ಷ ಮೂರು ವಾರ ಕೈ ಕಟ್ಟಿಕೊಂಡು ಕೂತಿದ್ದೆ. ಅದಕ್ಕಿಂತ ಕಷ್ಟದ ಕೆಲಸವನ್ನು ನಾನು ಮಾಡಿಲ್ಲ.

ಒಂಬತ್ತನೇ ತರಗತಿಯ ಮೊಮ್ಮಗಳು ಒಂದು ಸಂಜೆ ಶಾಲೆಯಿಂದ ಓಡಿ ಬಂದಳು. "ತಾತಾ, ತಾಲ್ಲೂಕು ಮಟ್ಟದ ವಿಜ್ಞಾನ ಸ್ಪರ್ಧೆಗೆ ನನ್ನ ಹೆಸರು ಕೊಟ್ಟಿದ್ದಾರೆ. ವಿಷಯ ವಿದ್ಯುತ್ ಮಂಡಲ. ಮಾದರಿ ಮಾಡಬೇಕು, ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು."

ನನ್ನ ಕೈ ಆಗಲೇ ಟೂಲ್ಸ್ ಡಬ್ಬಿಯತ್ತ ಹೋಗಿತ್ತು. ಬಾಗಿಲಲ್ಲಿ ನಿಂತಿದ್ದ ಮಗ ಮೆಲ್ಲಗೆ, "ಅಪ್ಪಾ, ಈ ಸಲ ನೀವು ಮುಟ್ಟಬೇಡಿ" ಅಂದ.

"ಈ ಸಲ" ಅಂದದ್ದು ಯಾಕೆಂದು ನನಗೆ ಗೊತ್ತು. ಅವನು ಎಂಟನೇ ತರಗತಿಯಲ್ಲಿದ್ದಾಗ ಇಂಥದೇ ಸ್ಪರ್ಧೆಗೆ ನಾನೇ ರಾತ್ರಿಯೆಲ್ಲ ಕೂತು ಪುಟ್ಟ ರೇಡಿಯೋ ಮಾಡಿಕೊಟ್ಟಿದ್ದೆ. ಚೆನ್ನಾಗಿಯೇ ಹಾಡಿತು. ತೀರ್ಪುಗಾರರು ಅದರ ಒಂದು ಭಾಗಕ್ಕೆ ಬೆರಳಿಟ್ಟು, "ಇದನ್ನು ತೆಗೆದರೆ ಏನಾಗುತ್ತೆ ಮಗು?" ಎಂದು ಕೇಳಿದರು. ಅವನ ಕಣ್ಣು ಜನರ ನಡುವೆ ನನ್ನನ್ನು ಹುಡುಕಿತು. ಉತ್ತರ ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಅವನು ನನ್ನ ಅಂಗಡಿಯ ಮೇಜಿನ ಹತ್ತಿರ ಬರಲೇ ಇಲ್ಲ.

ಹಾಗಾಗಿ ಈ ಸಲ ಎರಡು ನಿಯಮ ಮಾಡಿಕೊಂಡೆವು. ಒಂದು, ಗೋಡೆಯ ಪ್ಲಗ್ಗಿನ ತಂಟೆಗೆ ಹೋಗುವಂತಿಲ್ಲ. ಅಲ್ಲಿರುವುದು 230 ವೋಲ್ಟ್, ಜೀವ ತೆಗೆಯುವಂಥದು. ಏನು ಮಾಡಿದರೂ 1.5 ವೋಲ್ಟಿನ ಸೆಲ್ಲಿನಲ್ಲೇ ಮಾಡಬೇಕು. ಎರಡು, ಅವಳು ಕೇಳಿದ ಪ್ರಶ್ನೆಗೆ ನಾನು ಇನ್ನೊಂದು ಪ್ರಶ್ನೆಯನ್ನಷ್ಟೇ ಕೇಳಬಹುದು.

ಯಾವ ಮಾದರಿ ಮಾಡುವುದೆಂದು ಅವಳೇ ಆರಿಸಿದಳು. ನಮ್ಮ ತಾಲ್ಲೂಕಿನಲ್ಲೇ ಇರುವ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತಯಾರಾಗಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅವಳು ಥರ್ಮೋಕೋಲಿನ ಬೆಟ್ಟ ಮಾಡಿ, ನೀಲಿ ಬಟ್ಟೆಯ ಜಲಪಾತ ಇಳಿಬಿಟ್ಟು, ಹಿಂದೆ ಮೂರು ಸೆಲ್ಲು ಬಚ್ಚಿಟ್ಟಳು. ಗಣಿಗೆ ಒಂದು ಕೆಂಪು ಎಲ್‌ಇಡಿ, ಬೆಂಗಳೂರಿಗೆ ಎರಡು ಬಿಳಿ ಎಲ್‌ಇಡಿ.

ಮೊದಲ ವಾರ ಪಾಠ ನಡೆದದ್ದು ಮಾಳಿಗೆ ಮೇಲಿನ ನೀರಿನ ಟ್ಯಾಂಕಿನ ಪಕ್ಕ. "ಟ್ಯಾಂಕು ಎತ್ತರದಲ್ಲಿದ್ದರೆ ನಲ್ಲೀಲಿ ನೀರು ಹೇಗೆ ಬರುತ್ತೆ? ನಲ್ಲಿ ಅರ್ಧ ತಿರುಗಿಸಿದರೆ?" ಎಂದು ಕೇಳಿದೆ. ಎತ್ತರವೇ ವೋಲ್ಟೇಜು, ಹರಿಯುವ ನೀರೇ ಕರೆಂಟು, ಅರ್ಧ ಮುಚ್ಚಿದ ನಲ್ಲಿಯೇ ರೋಧ ಎಂದು ಅವಳೇ ಜೋಡಿಸಿಕೊಂಡಳು.

ಎರಡನೇ ವಾರ ಮೂರು ದೀಪಗಳನ್ನೂ ಒಂದರ ಹಿಂದೆ ಒಂದರಂತೆ, ಸರಣಿಯಲ್ಲಿ ಜೋಡಿಸಿದಳು. ಒಂದೂ ಹೊತ್ತಲಿಲ್ಲ. ಲೆಕ್ಕ ಹಾಕಿದಾಗ ಗುಟ್ಟು ತಿಳಿಯಿತು. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ಕೆಂಪಿಗೆ ಸುಮಾರು 2. ಒಟ್ಟು 8 ವೋಲ್ಟ್. ಮೂರು ಸೆಲ್ಲಿನಲ್ಲಿ ಇರುವುದು ಬರೀ 4.5. ಸರಿ, ಮೂರನ್ನೂ ಅಕ್ಕಪಕ್ಕ, ಅಂದರೆ ಸಮಾಂತರವಾಗಿ ಜೋಡಿಸಿ, ಮೂರಕ್ಕೂ ಸೇರಿ 150 ಓಮ್‌ನ ಒಂದೇ ರೋಧಕ ಹಾಕಿದಳು. ಕೆಂಪು ದೀಪ ಜಗ್ಗನೆ ಹೊತ್ತಿತು. ಬೆಂಗಳೂರು ಮಾತ್ರ ಕತ್ತಲಲ್ಲೇ ಉಳಿಯಿತು!

ಸೆಲ್ಲು ಬದಲಾಯಿಸಿದಳು. ವೈರು ಬಿಗಿ ಮಾಡಿದಳು. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗೇ ಇದೆಯಾ ಎಂದು ನೋಡಿದಳು. ಎಲ್ಲ ಸರಿಯಾಗಿಯೇ ಇತ್ತು. ಸ್ಪರ್ಧೆಗೆ ನಾಲ್ಕೇ ದಿನ ಉಳಿದಿತ್ತು. ಅವಳ ಕಣ್ಣಲ್ಲಿ ನೀರು ಬಂತು. ತಪ್ಪೇನೆಂದು ನನಗೆ ಕಂಡಿತ್ತು, ಬೆರಳು ತುರಿಸುತ್ತಿತ್ತು. ನನ್ನ ಮನೆಯಾಕೆ, "ಮಗು ಅಳ್ತಾ ಕೂತದೆ, ಗೊತ್ತಿದ್ದೂ ಹೇಳಬಾರ್ದಾ?" ಎಂದು ಗದರಿದಳು.

ನಾನು ಒಂದೇ ಪ್ರಶ್ನೆ ಕೇಳಿದೆ. "ಯಾವುದೂ ಕೆಟ್ಟಿಲ್ಲ ಅಂತೀಯ. ಹಾಗಾದ್ರೆ ಒಂದೊಂದೇ ತೆಗೆದು ನೋಡೋದಾದ್ರೆ ಮೊದಲು ಯಾವುದು ತೆಗೀತೀಯ ಕಣವ್ವ?"

ಅವಳು ಕೆಂಪು ದೀಪ ಕಿತ್ತಳು. ಎರಡು ಬಿಳಿ ದೀಪಗಳೂ ಬೆಳಗಿದವು! ಮತ್ತೆ ಹಾಕಿದಳು, ಅವು ಆರಿದವು. ಮಲ್ಟಿಮೀಟರ್ ತಂದು ಅಳೆದಳು. ಕೆಂಪು ದೀಪ ಇರುವಾಗ ಆ ಎರಡು ವೈರುಗಳ ನಡುವೆ ಸುಮಾರು 2 ವೋಲ್ಟ್ ಮಾತ್ರ. ಬಿಳಿಗೆ ಬೇಕಾದದ್ದು 3. "ತಾತಾ, ಗಣಿಯೇ ಎಲ್ಲಾನೂ ಕುಡೀತಿದೆ!" ಎಂದು ಕೂಗಿದಳು. "ನಿಜವಾಗಲೂ ಗಣಿಗೇ ಮೊದಲು ಹೋಗಿದ್ದಲ್ಲವಾ?" ಅಂದೆ. ಮನೆಯೆಲ್ಲ ನಕ್ಕಿತು.

ಒಂದೊಂದು ದೀಪಕ್ಕೂ ಬೇರೆ ಬೇರೆ ರೋಧಕ ಬೇಕೆಂದು ಅವಳಿಗೇ ಹೊಳೆಯಿತು. ಎಷ್ಟು ಓಮ್ ಎಂದು ತಿಳಿಯಲು ಪಕ್ಕದ ಮನೆಯಿಂದ ಹತ್ತನೇ ತರಗತಿಯ ಪುಸ್ತಕ ತಂದಳು. ಜರ್ಮನಿಯ ಗಿಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಅದರಲ್ಲಿತ್ತು. ಓಮ್ ಕೂಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರೇ. ಬಿಳಿ ದೀಪಕ್ಕೆ ಮಿಕ್ಕುವ 1.5 ವೋಲ್ಟನ್ನು 100 ಓಮ್‌ನಿಂದ ಭಾಗಿಸಿದರೆ 15 ಮಿಲಿ ಆಂಪಿಯರ್. ಕೆಂಪಿಗೆ ಮಿಕ್ಕುವ 2.5 ವೋಲ್ಟನ್ನು 220ರಿಂದ ಭಾಗಿಸಿದರೆ ಸುಮಾರು 11. ಆ ರಾತ್ರಿ ಗಣಿಯೂ ಬೆಂಗಳೂರೂ ಒಟ್ಟಿಗೆ ಬೆಳಗಿದವು.

ಸ್ಪರ್ಧೆಯ ದಿನ ತೀರ್ಪುಗಾರರು ಬಗ್ಗಿ ನೋಡಿ, "ಮೂರು ದೀಪಕ್ಕೆ ಮೂರು ರೋಧಕ ಯಾಕಮ್ಮ? ಒಂದು ಸಾಲದಾ?" ಅಂದರು. ನಾನು ಉಸಿರು ಬಿಗಿಹಿಡಿದೆ. ಅವಳು ನೋಟ್‌ಬುಕ್ ತೆರೆದಳು. "ಒಂದೇ ಹಾಕಿ ನೋಡಿದ್ದೆ ಸಾರ್, ಹೀಗಾಯ್ತು" ಎಂದು ತನ್ನ ತಪ್ಪನ್ನೇ ಮೊದಲಿಂದ ವಿವರಿಸಿದಳು. ಒಮ್ಮೆಯೂ ನನ್ನತ್ತ ತಿರುಗಿ ನೋಡಲಿಲ್ಲ. ಪಕ್ಕದಲ್ಲಿದ್ದ ಮಗ ಅದನ್ನು ಗಮನಿಸಿದ. ಎರಡನೇ ಬಹುಮಾನ ಬಂತು.

ಮಕ್ಕಳೇ, ನೀವೂ ಸ್ಪರ್ಧೆಗೆ ಹೋಗುವವರಾದರೆ ಇಷ್ಟು ನೆನಪಿಡಿ. ಜೋಡಿಸುವ ಮೊದಲು ಚಿತ್ರ ಬರೆಯಿರಿ. ದೀಪ ಹೊತ್ತದಿದ್ದರೆ ಸೆಲ್ಲು, ಸ್ವಿಚ್ಚು, ವೈರಿನ ಗಂಟು, ದೀಪ ಹೀಗೆ ವರಸೆಯಾಗಿ ಪರೀಕ್ಷಿಸಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಆದ ತಪ್ಪನ್ನು ಹರಿದು ಎಸೆಯದೆ ತಾರೀಖು ಹಾಕಿ ಬರೆದಿಡಿ. ಹೊಸ ಸೆಲ್ಲುಗಳ ಇನ್ನೊಂದು ಜೊತೆ ಚೀಲದಲ್ಲಿರಲಿ. ಅಜ್ಜ ಅಜ್ಜಿಯರೇ, ನೀವು ಪಕ್ಕದಲ್ಲಿ ಕೂತಿರಿ. ಕೈ ಮಾತ್ರ ಮಡಿಲಲ್ಲಿರಲಿ.

ಅಂದು ರಾತ್ರಿ ಊಟವಾದ ಮೇಲೆ ಮಗ ನನ್ನ ಹಳೆಯ ಮೇಜಿನ ಹತ್ತಿರ ಬಂದು ಕೂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾ, ಅವತ್ತು ಅವರು ಕೇಳಿದ ಭಾಗ ತೆಗೆದಿದ್ರೆ ಏನಾಗ್ತಿತ್ತು?" ಎಂದು ಕೇಳಿದ.

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, "ಆ ರೇಡಿಯೋ ಅಟ್ಟದ ಮೇಲೆ ಇನ್ನೂ ಇದೆ. ಇಳಿಸು, ತೆಗೆದು ನೋಡೋಣ" ಅಂದೆ.