ಈಜಿಪ್ಟಿನ ರಕ್ಷಾಭರಣಗಳೂ ನಮ್ಮ ಹುಲಿಯುಗುರೂ

ಮಗು ಹುಟ್ಟಿದ ಮನೆಯಲ್ಲಿ ತೊಟ್ಟಿಲಿನಷ್ಟೇ ಅವಶ್ಯವೆಂದು ಸಿದ್ಧಪಡಿಸುವ ಕೆಲವು ವಸ್ತುಗಳುಂಟು: ಸೊಂಟಕ್ಕೆ ಉಡಿದಾರ, ಕೈಗೆ ಕರಿಮಣಿ, ಕೆನ್ನೆಗೆ ದೃಷ್ಟಿಬೊಟ್ಟು, ಕೊರಳಿಗೆ ತಾಯಿತ. ಮಂಡ್ಯದ ಸೀಮೆಯಲ್ಲಿ, ದುದ್ದದಂತಹ ಊರುಗಳಲ್ಲಿ, ಇವನ್ನು ಕಾಣದವರಿಲ್ಲ. ತಾಯಿತದ ಕೊಳವೆಯೊಳಗೆ ಯಂತ್ರ ಬರೆದ ತಗಡೋ ಬೇರೋ ವಿಭೂತಿಯೋ ಇರುವುದು. ಹಿಂದೆ ಅನುಕೂಲಸ್ಥರು ಹುಲಿಯುಗುರನ್ನು ಬೆಳ್ಳಿಬಂಗಾರಗಳಲ್ಲಿ ಕಟ್ಟಿಸಿ ಮಕ್ಕಳಿಗೆ ತೊಡಿಸುತ್ತಿದ್ದುದೂ ಉಂಟು. ಇಂತಹ ರಕ್ಷೆಯ ಬಲವಿರುವುದು ವಸ್ತುವಿನಲ್ಲಿಯೋ, ಅದು ಸೂಚಿಸುವ ಭಾವದಲ್ಲಿಯೋ? ಈ ಪ್ರಶ್ನೆಯನ್ನು ವಿಚಾರಿಸುವವರಿಗೆ ಪ್ರಾಚೀನ ಈಜಿಪ್ಟಿನ ರಕ್ಷಾಭರಣಗಳು ಬಹಳ ನೆರವಾಗುತ್ತವೆ.

ಹೊಲದ ಬದುವಿನಲ್ಲಿ ಸಗಣಿಯ ಉಂಡೆಯನ್ನು ಹಿಂಗಾಲುಗಳಿಂದ ನೂಕಿಕೊಂಡು ಹೋಗುವ ಹುಳುವನ್ನು ನಮ್ಮ ರೈತರ ಮಕ್ಕಳೆಲ್ಲ ಬಲ್ಲರು. ಅದೇ ವರ್ಗದ ಹುಳುವನ್ನು ನೈಲ್ ನದೀತೀರದ ಜನರು ಪೂಜ್ಯವೆಂದು ಬಗೆದರು. ಹುಳು ಉಂಡೆಯನ್ನು ಉರುಳಿಸುವಂತೆ ದೈವಶಕ್ತಿಯೊಂದು ಸೂರ್ಯಬಿಂಬವನ್ನು ಆಕಾಶದಲ್ಲಿ ಉರುಳಿಸುತ್ತದೆ. ಉಂಡೆಯೊಳಗಿನಿಂದ ಹೊಸ ಹುಳು ಹೊರಡುವಂತೆ ಸೂರ್ಯನು ಪ್ರತಿದಿನ ಹೊಸದಾಗಿ ಹುಟ್ಟುತ್ತಾನೆ. ಇದು ಅವರ ಕಲ್ಪನೆ. ಆ ಹುಳುವಿನ ಚಿತ್ರದಿಂದ ಬರೆಯುವ ‘ಖೆಪೆರ್’ ಎಂಬ ಧಾತುವಿಗೆ ‘ಆಗುವುದು’ ಎಂದೇ ಅರ್ಥ. ಹಸುರು ಕಲ್ಲಿನಲ್ಲಿ ಅದರ ರೂಪವನ್ನು ಕಡೆದು ಮೃತರ ಎದೆಯ ಮೇಲೆ ಇರಿಸುತ್ತಿದ್ದರು. ಪರಲೋಕದ ವಿಚಾರಣೆಯಲ್ಲಿ ಹೃದಯವು ತನ್ನೊಡೆಯನಿಗೆ ವಿರೋಧವಾಗಿ ಸಾಕ್ಷಿ ನುಡಿಯದಿರಲಿ ಎಂಬ ಪ್ರಾರ್ಥನೆ ಅದರ ಅಡಿಯಲ್ಲಿರುತ್ತಿತ್ತು.

ನಾವು ಕೆಟ್ಟ ಕಣ್ಣಿಗೆ ಅಂಜಿ ಬೊಟ್ಟಿಡುತ್ತೇವೆ. ಅವರಾದರೋ ಕಣ್ಣನ್ನೇ ರಕ್ಷೆಯಾಗಿ ಕಟ್ಟಿಕೊಂಡರು. ಹೋರಸ್ ದೇವನ ಕಣ್ಣನ್ನು ಸೇತನು ಯುದ್ಧದಲ್ಲಿ ಕೆಡಿಸಲು, ಥಾತ್ ದೇವನು ಅದನ್ನು ಮತ್ತೆ ಸರಿಪಡಿಸಿದನಂತೆ. ಗಾಯಗೊಂಡು ಗುಣವಾದ ಆ ಕಣ್ಣಿಗೆ ‘ವೆಜಾತ್’, ಎಂದರೆ ‘ಊನವಿಲ್ಲದ್ದು’, ಎಂದು ಹೆಸರು. ಕೆಟ್ಟುದು ಮತ್ತೆ ನೆಟ್ಟಗಾಗಲಿ ಎಂಬ ಹಾರೈಕೆಯನ್ನು ಅದು ಹೊತ್ತಿತ್ತು.

ಈ ಆಭರಣಗಳಲ್ಲಿ ಬಣ್ಣಕ್ಕೂ ಅರ್ಥವುಂಟು. ಹಸುರು ಚಿಗುರಿನ ಬಣ್ಣ, ಬಾಳಿನ ಬಣ್ಣ. ಕಡುನೀಲಿಯ ರಾಜಾವರ್ತದ ಕಲ್ಲು ಇಂದಿನ ಅಫ್ಘಾನಿಸ್ತಾನದ ಬೆಟ್ಟಗಳಿಂದ ಬರಬೇಕಾಗಿತ್ತು. ಅದು ಎಲ್ಲರ ಕೈಗೂ ಎಟುಕುವಂತಹುದಲ್ಲ. ಆದುದರಿಂದ ಕುಶಲಕರ್ಮಿಗಳು ಪುಡಿಮಾಡಿದ ಬೆಣಚುಕಲ್ಲಿಗೆ ಕ್ಷಾರ, ಸುಣ್ಣ, ತಾಮ್ರದ ಅಂಶ ಇವನ್ನು ಸೇರಿಸಿ, ಅಚ್ಚಿನಲ್ಲಿ ಒತ್ತಿ ಸುಟ್ಟರು. ಮೇಲೆ ನೀಲಿಹಸುರಿನ ಹೊಳಪು ತಾನಾಗಿ ಮೂಡುತ್ತಿತ್ತು. ಗರ್ಭಿಣಿಯರನ್ನು ಕಾಯುವ ತಾವೆರೆತ್ ದೇವಿಗೆ ನೀರುಕುದುರೆಯ ಮೈ, ಸಿಂಹದ ಪಂಜ. ಅವಳ ಪುಟ್ಟ ಬೊಂಬೆಯನ್ನೂ ಹೀಗೆಯೇ ಮಾಡುತ್ತಿದ್ದರು. ಈಜಿಪ್ಟಿನವರು ಪ್ರಾಣಿಗಳನ್ನು ಕೊಲ್ಲದವರೆಂದಲ್ಲ. ನೀರುಕುದುರೆಯ ದಂತದಿಂದಲೂ ಅವರು ರಕ್ಷಾದಂಡಗಳನ್ನು ಮಾಡಿದರು. ಆದರೂ ಮೃಗದ ಬಲವನ್ನು ತಾಯಿಗೆ ಬೇಡಲು ಅದರ ರೂಪವೊಂದೇ ಸಾಕೆಂಬುದಕ್ಕೆ ಈ ಬೊಂಬೆಗಳೇ ಸಾಕ್ಷಿ.

ಈ ವಿವೇಕವು ಇಂದು ನಮಗೆ ಬೇಕಾಗಿದೆ. ಹುಲಿಯುಗುರು ಕಟ್ಟುವವರ ಅಪೇಕ್ಷೆ, ಮಗುವಿಗೆ ಹುಲಿಯ ಧೈರ್ಯ ಬರಲಿ ಎಂಬುದು. ಆದರೆ ಒಂದು ಹುಲಿಗೆ ಇರುವ ಉಗುರುಗಳು 18 ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹುಲಿಯ ಅಂಗಗಳ ವ್ಯಾಪಾರವನ್ನು ನಿಷೇಧಿಸಿದೆ. ಅನುಮತಿಯಿಲ್ಲದೆ ಅವನ್ನು ಇಟ್ಟುಕೊಳ್ಳುವುದೂ ಅಪರಾಧ. 1973ರಲ್ಲಿ ಹುಲಿಯೋಜನೆ ಆರಂಭವಾದಾಗ ನಮ್ಮ ಬಂಡೀಪುರವು ಮೊದಲ ಅರಣ್ಯಗಳಲ್ಲಿ ಒಂದಾಗಿತ್ತು. 2022ರ ಗಣತಿಯಂತೆ ಕರ್ನಾಟಕದಲ್ಲಿದ್ದ ಹುಲಿಗಳು 563. 2023ರಲ್ಲಿ ದೂರದರ್ಶನದ ಸ್ಪರ್ಧೆಯೊಂದರಲ್ಲಿ ಹುಲಿಯುಗುರಿನ ಪದಕವನ್ನು ಧರಿಸಿದ್ದವರೊಬ್ಬರು ಬಂಧನಕ್ಕೊಳಗಾದಾಗ, ಅಂತಹ ಆಭರಣ ಹಲವರ ಬಳಿ ಇದೆಯೆಂದು ನಾಡೆಲ್ಲ ಮಾತನಾಡಿಕೊಂಡಿತು.

ಒಂದು ಮರಿಯ ತಾಯಿಯನ್ನು ಕೊಂದು ತಂದ ಉಗುರು ಇನ್ನೊಂದು ಮಗುವಿಗೆ ರಕ್ಷೆಯಾದೀತೆ? ಅಕ್ಕಸಾಲಿಗನು ಬೆಳ್ಳಿಯಲ್ಲಿ ಮಾಡಿಕೊಟ್ಟ ಉಗುರಿನ ರೂಪವು ಅದೇ ಅರ್ಥವನ್ನು ಹೇಳಬಲ್ಲದು. ಮಗುವಿಗೆ ಜ್ವರ ಬಂದಾಗ ಬೇಕಾದುದು ವೈದ್ಯರ ಔಷಧ. ಆ ಕೆಲಸವನ್ನು ತಾಯಿತಕ್ಕೆ ಒಪ್ಪಿಸಲಾಗದು. ತಾಯಿತವು ಹೇಳುವುದಿಷ್ಟೆ: ಈ ಮಗು ಉಳಿಯಬೇಕೆಂದು ಬಯಸಿ ಅಜ್ಜಿಯೊಬ್ಬಳು ಇದನ್ನು ಕಟ್ಟಿದ್ದಾಳೆ. ಅದನ್ನು ಹೇಳಲು ಒಂದು ಕರಿಯ ದಾರವಾದರೂ ಸಾಕು.